ಜನರ ಆರೋಗ್ಯಕ್ಕೆ ಅಂತ ಮಾಡೋ ಕೆಲ್ಸ ನಿಜವಾಗ್ಲೂ ಫಲ ಕೊಡತ್ತಾ? ಪದೇ ಪದೇ ಕೇಳೋ ಪ್ರಶ್ನೆಗಳು

ಇಂಟರ್ವೆನ್ಶನ್ ಅಂದ್ರೆ ಏನು? ಔಷಧಿ ಪರೀಕ್ಷೆ ಮಾಡೋದಾ?

ಔಷಧಿನೂ ಒಂದು, ಆದ್ರೆ ಅದಷ್ಟೇ ಅಲ್ಲ. ಕಾಯಿಲೆ, ಗಾಯ, ಸಾವು ಕಮ್ಮಿ ಆಗ್ಲಿ ಅಂತ ಬೇಕಂತ್ಲೇ ಮಾಡೋ ಯಾವ ಬದಲಾವಣೆ ಆದ್ರೂ ಇದ್ರೊಳಗೆ ಬರತ್ತೆ. ಲಸಿಕೆ, ಸೊಳ್ಳೆ ಪರದೆ, ಉಪ್ಪಿಗೆ ಅಯೋಡಿನ್ ಸೇರಿಸೋದು, ತಂಬಾಕಿನ ಮೇಲೆ ತೆರಿಗೆ, ಹೆಲ್ಮೆಟ್ ಕಡ್ಡಾಯ ಮಾಡೋದು, ಬಾಣಂತಿ ಮನೆಗೆ ಆರೋಗ್ಯ ಕಾರ್ಯಕರ್ತೆ ಹೋಗಿ ಮಗು ನೋಡ್ಕೊಂಡು ಬರೋದು, ಎಲ್ಲಾನೂ. ಆಸ್ಪತ್ರೆ ಚಿಕಿತ್ಸೆಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಏನಂದ್ರೆ ಇಲ್ಲಿ ಕಣ್ಣಿಟ್ಟಿರೋದು ಒಬ್ಬ ರೋಗಿ ಮೇಲಲ್ಲ, ಇಡೀ ಊರಿನ ಮೇಲೆ, ಅದ್ರಲ್ಲಿ ಬಹಳಷ್ಟು ಜನ ಇನ್ನೂ ಆರೋಗ್ಯವಾಗೇ ಇರ್ತಾರೆ. ಕಾಯಿಲೆ ಬಿದ್ದವನು ವಾಸಿಯಾದ್ರೆ ಮನೆಯವರಿಗೆ ಗೊತ್ತಾಗತ್ತೆ, ಬರಬೇಕಿದ್ದ ಕಾಯಿಲೆ ಬರ್ದೇ ಉಳ್ಕೊಂಡವನು ಯಾರು ಅಂತ ಯಾರಿಗೂ ಗೊತ್ತಾಗಲ್ಲ, ಅವನಿಗೂ ಗೊತ್ತಾಗಲ್ಲ. ಅವನು ಲೆಕ್ಕದಲ್ಲಿ ಮಾತ್ರ ಸಿಗ್ತಾನೆ, ಅದಕ್ಕೇ ಲೆಕ್ಕ ಸರಿಯಾಗಿರ್ಬೇಕು.

ಒಳ್ಳೇದು ಅಂತ ಎಲ್ರಿಗೂ ಗೊತ್ತಿರೋ ಕೆಲ್ಸಕ್ಕೂ ಸಂಶೋಧನೆ ಯಾಕೆ ಬೇಕು? ಆ ದುಡ್ಡಲ್ಲಿ ಕೆಲ್ಸನೇ ಮಾಡಬಹುದಲ್ವಾ?

ಇದನ್ನ ತುಂಬಾ ಜನ ಪ್ರಾಮಾಣಿಕವಾಗಿ ಕೇಳ್ತಾರೆ, ಅದಕ್ಕೇ ನೇರ ಉದಾಹರಣೆ ಕೊಡ್ತೀನಿ. ಹಣ್ಣು ತರಕಾರಿ ಜಾಸ್ತಿ ತಿನ್ನೋರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಅಂತ ಕಂಡಿತ್ತು, ಹಾಗಾದ್ರೆ ತರಕಾರಿಲಿರೋ ಬೀಟಾ ಕ್ಯಾರೋಟಿನ್‌ನ ಮಾತ್ರೆ ಮಾಡಿ ಸಿಗರೇಟ್ ಸೇದೋರಿಗೆ ಕೊಟ್ರೆ ಉಳೀತಾರೆ ಅಂತ ಎಲ್ರಿಗೂ ಅನ್ಸಿತ್ತು. ಫಿನ್ಲೆಂಡ್‌ನಲ್ಲಿ ಸಿಗರೇಟ್ ಸೇದೋ 29,133 ಗಂಡಸರ ಮೇಲೆ ಪರೀಕ್ಷೆ ಮಾಡಿದ್ರು, 1994ರಲ್ಲಿ ಫಲಿತಾಂಶ ಬಂತು, ಬೀಟಾ ಕ್ಯಾರೋಟಿನ್ ತಗೊಂಡೋರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ! ಪರೀಕ್ಷೆ ಮಾಡ್ದೇ ಹಂಚಿದ್ರೆ ಏನಾಗ್ತಿತ್ತು ಯೋಚ್ನೆ ಮಾಡಿ.

ಇನ್ನೊಂದು ಟಾಂಜಾನಿಯಾದ ಪೆಂಬಾ ದ್ವೀಪದ್ದು. ಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ ಇತ್ತು, ಕಬ್ಬಿಣಾಂಶ ಕೊಟ್ರೆ ಒಳ್ಳೇದೇ ತಾನೆ? ಆದ್ರೆ ಅಲ್ಲಿ ಮಲೇರಿಯಾ ವಿಪರೀತ, ಕಬ್ಬಿಣ ಮತ್ತು ಫೋಲಿಕ್ ಆಸಿಡ್ ತಗೊಂಡ ಮಕ್ಕಳಲ್ಲಿ ಆಸ್ಪತ್ರೆ ಸೇರೋದು, ಸಾಯೋದು ಜಾಸ್ತಿ ಆಗ್ತಿದೆ ಅಂತ ಕಂಡು ಕೊಡೋದನ್ನ ಮಧ್ಯದಲ್ಲೇ ನಿಲ್ಲಿಸಿದ್ರು. ಅದು 2006ರಲ್ಲಿ ಪ್ರಕಟ ಆಯ್ತು, ಆಮೇಲೆ ಮಲೇರಿಯಾ ಇರೋ ಜಾಗದಲ್ಲಿ ಕಬ್ಬಿಣ ಕೊಡುವಾಗ ಮಲೇರಿಯಾ ತಡೆಯೋ ವ್ಯವಸ್ಥೆನೂ ಜೊತೆಗೇ ಇರ್ಬೇಕು ಅನ್ನೋ ಸಲಹೆ ಬಂತು. ಒಳ್ಳೇ ಮನಸ್ಸು ಇಬ್ರಿಗೂ ಇತ್ತು, ಮನಸ್ಸು ಒಳ್ಳೇದಿದ್ರೆ ಮಾತ್ರ ಸಾಲಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಯೋಜನೆ ಶುರುವಾಗೋಕೆ ಮುಂಚೆ ಎಷ್ಟು ಕೇಸ್ ಇತ್ತು, ಆಮೇಲೆ ಎಷ್ಟಾಯ್ತು ಅಂತ ನೋಡಿದ್ರೆ ಸಾಲದಾ?

ಸಾಲಲ್ಲ. ಪತ್ರಿಕೆಲಿ ಬರೋ ಅರ್ಧಕ್ಕರ್ಧ ಯಶಸ್ಸಿನ ಕಥೆ ಇದೇ ತರದ್ದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಯೋಜನೆಗಳು ಸಾಮಾನ್ಯವಾಗಿ ಶುರುವಾಗೋದೇ ಪರಿಸ್ಥಿತಿ ತೀರಾ ಕೆಟ್ಟಾಗ, ಕೇಸ್‌ಗಳು ತುತ್ತತುದಿಗೆ ಹೋದಾಗ. ತುದಿ ಮುಟ್ಟಿದ್ದು ಏನೂ ಮಾಡ್ದೇ ಇದ್ರೂ ಇಳಿಯತ್ತೆ. ಆಗ ಇಳಿದಿದ್ದಕ್ಕೆಲ್ಲ ನಮ್ಮ ಯೋಜನೆನೇ ಕಾರಣ ಅಂತ ಹೇಳ್ಕೊಂಡ್ರೆ ಅದು ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿ ಹೋದ ಹಾಗೆ.

ಲಂಡನ್ನಿನಲ್ಲಿ 1854ರ ಕಾಲರಾ ಹೊತ್ತಲ್ಲಿ ಕಾಲರಾ ನೀರಿಂದ ಹರಡತ್ತೆ ಅಂತಿದ್ದ ಡಾಕ್ಟರ್ ಜಾನ್ ಸ್ನೋ ಹೇಳಿ, ಆ ನೀರು ಯಾರೂ ಕುಡೀದ ಹಾಗೆ ಬ್ರಾಡ್ ಸ್ಟ್ರೀಟ್ ಪಂಪಿನ ಹ್ಯಾಂಡಲ್ ತೆಗೆಸಿದ್ದು ಹೆಸರುವಾಸಿ ಕಥೆ. ಆದ್ರೆ ಹ್ಯಾಂಡಲ್ ತೆಗೆಯೋ ಹೊತ್ತಿಗೇ ಜನ ಊರು ಬಿಟ್ಟು ಹೋಗಿ ಕಾಯಿಲೆ ಇಳೀತಾ ಇತ್ತು, ಇದನ್ನ ಸ್ನೋ ಅವರೇ ಬರೆದಿದ್ದಾರೆ. ಅವರ ನಿಜವಾದ ಬಲವಾದ ಸಾಕ್ಷಿ ಬೇರೆದು. ದಕ್ಷಿಣ ಲಂಡನ್ನಿನಲ್ಲಿ ಎರಡು ನೀರಿನ ಕಂಪನಿಗಳ ಪೈಪು ಒಂದೇ ಬೀದಿಲಿ ಹಾಸುಹೊಕ್ಕಾಗಿ ಹೋಗ್ತಿದ್ವು, ಪಕ್ಕಪಕ್ಕದ ಮನೆಗೆ ಬೇರೆ ಬೇರೆ ನೀರು. ಲ್ಯಾಂಬೆತ್ ಕಂಪನಿ 1852ರಲ್ಲಿ ನೀರೆತ್ತೋ ಜಾಗನ ಥೇಮ್ಸ್ ನದಿಯ ಮೇಲ್ಭಾಗಕ್ಕೆ, ಕೊಳಚೆ ಸೇರದ ಕಡೆಗೆ ಬದಲಾಯಿಸಿತ್ತು, ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಬದಲಾಯಿಸಿರ್ಲಿಲ್ಲ. ಸ್ನೋ ಸತ್ತವರ ಮನೆಗೆ ಯಾವ ಕಂಪನಿ ನೀರು ಅಂತ ವಿಚಾರಿಸಿ ಲೆಕ್ಕ ಹಾಕಿದ್ರು. ಮೊದಲ ಏಳು ವಾರದಲ್ಲಿ 10,000 ಮನೆಗೆ ಲ್ಯಾಂಬೆತ್ ನೀರಲ್ಲಿ 37 ಸಾವು, ಇನ್ನೊಂದರಲ್ಲಿ 315. ಒಂದೇ ಬೀದಿ, ಒಂದೇ ಗಾಳಿ, ಬಡವ ಶ್ರೀಮಂತ ಎರಡೂ ಕಡೆ, ಬೇರೆ ಇದ್ದಿದ್ದು ನೀರು ಮಾತ್ರ. ಹಿಂದೆ ಮುಂದೆ ನೋಡಿ ಬಂದ ಉತ್ತರ ಅಲ್ಲ ಇದು, ಪಕ್ಕದಲ್ಲಿ ಇಟ್ಟು ನೋಡಿ ಬಂದಿದ್ದು.

ಹಾಗಾದ್ರೆ ಯೋಜನೆ ಬೇಕು ಅಂದೋರನ್ನ, ಬೇಡ ಅಂದೋರನ್ನ ಹೋಲಿಸಿದ್ರೆ ಆಯ್ತಲ್ಲ? ಲಾಟರಿ ತರ ಆರಿಸೋದು ಯಾಕೆ?

ಇದಕ್ಕೆ 1954ರ ಸಾಲ್ಕ್ ಪೋಲಿಯೊ ಲಸಿಕೆ ಪರೀಕ್ಷೆಗಿಂತ ಒಳ್ಳೇ ಪಾಠ ನಾನು ಬೇರೆ ನೋಡಿಲ್ಲ. ಅಮೆರಿಕದಲ್ಲಿ ಸುಮಾರು 18 ಲಕ್ಷ ಮಕ್ಕಳು ಭಾಗವಹಿಸಿದ್ದ ಪರೀಕ್ಷೆ ಅದು. ಅದರ ಒಂದು ಭಾಗದಲ್ಲಿ, ಅಪ್ಪ ಅಮ್ಮ ಒಪ್ಪಿದ ಮಕ್ಕಳನ್ನ ಲಾಟರಿ ತರ ಎರಡು ಗುಂಪು ಮಾಡಿ ಒಂದಕ್ಕೆ ಲಸಿಕೆ, ಇನ್ನೊಂದಕ್ಕೆ ಲಸಿಕೆ ಇಲ್ಲದ ಬರೀ ಸೂಜಿಮದ್ದು ಕೊಟ್ರು, ಒಪ್ಪದೇ ಇದ್ದ ಮಕ್ಕಳ ಲೆಕ್ಕನೂ ಇಟ್ರು. ಲಸಿಕೆ ಪಡೆದವರಲ್ಲಿ ಲಕ್ಷಕ್ಕೆ 28 ಪೋಲಿಯೊ ಕೇಸ್, ಬರೀ ಸೂಜಿಮದ್ದಿನವರಲ್ಲಿ 71, ಒಪ್ಪದೇ ಇದ್ದವರಲ್ಲಿ 46.

ಈ 71 ಮತ್ತು 46 ನೋಡಿ. ಇಬ್ರಿಗೂ ಲಸಿಕೆ ಸಿಕ್ಕಿಲ್ಲ, ಆದ್ರೂ ಇಷ್ಟು ವ್ಯತ್ಯಾಸ ಯಾಕೆ? ಲಸಿಕೆಗೆ ಒಪ್ಪಿದ್ದು ಹೆಚ್ಚಾಗಿ ಅನುಕೂಲಸ್ಥರ ಮನೆಯವರು. ಪೋಲಿಯೊದ ವಿಚಿತ್ರ ಏನಂದ್ರೆ ಬಡ ಮನೆ ಮಕ್ಕಳಿಗೆ ವೈರಸ್ಸು ಹಸುಗೂಸಾಗಿದ್ದಾಗ್ಲೇ, ತಾಯಿಯಿಂದ ಬಂದ ರಕ್ಷಣೆ ಇನ್ನೂ ಇರುವಾಗ್ಲೇ ತಗುಲಿ ಶಕ್ತಿ ಬಂದಿರ್ತಿತ್ತು, ಚೊಕ್ಕಟವಾಗಿ ಬೆಳೆದ ಮಕ್ಕಳಿಗೆ ತಡವಾಗಿ ತಗುಲಿ ಕಾಲು ಹೋಗ್ತಿತ್ತು. ಅಂದ್ರೆ ಒಪ್ಪಿದವರನ್ನೂ ಒಪ್ಪದವರನ್ನೂ ಹೋಲಿಸಿದ್ರೆ ಲಸಿಕೆ ಇರೋದಕ್ಕಿಂತ ದುರ್ಬಲ ಅಂತ ಕಾಣ್ತಿತ್ತು. ಬೇರೆ ಯೋಜನೆಲಿ ಇದೇ ದೋಷ ಉಲ್ಟಾ ಆಗಿ, ಏನೂ ಮಾಡದ ಯೋಜನೆ ಅದ್ಭುತ ಅಂತ ಕಾಣತ್ತೆ. ಲಾಟರಿ ಹಾಕಿದ್ರೆ ಬಡವರು, ಶ್ರೀಮಂತರು, ಹುಷಾರಾಗಿರೋರು, ಉದಾಸೀನದವರು ಎಲ್ರೂ ಎರಡೂ ಗುಂಪಿಗೆ ಹೆಚ್ಚುಕಮ್ಮಿ ಸಮನಾಗಿ ಹಂಚಿಹೋಗ್ತಾರೆ, ನಮಗೆ ಗೊತ್ತಿಲ್ಲದ ವ್ಯತ್ಯಾಸಗಳೂ ಹಾಗೇ ಹಂಚಿಹೋಗತ್ತೆ.

ಒಬ್ಬೊಬ್ಬರನ್ನ ಆರಿಸೋ ಬದ್ಲು ಇಡೀ ಹಳ್ಳಿನೇ ಆರಿಸ್ತಾರಂತೆ, ಹೌದಾ?

ಹೌದು, ಕೆಲವು ಕ್ರಮ ಒಬ್ಬರಿಗೆ ಕೊಟ್ಟು ಪಕ್ಕದ ಮನೆಗೆ ಬಿಡೋಕೆ ಆಗೋದೇ ಇಲ್ಲ. ಇಂಡೋನೇಷ್ಯಾದ ಯೋಗ್ಯಕರ್ತ ನಗರದಲ್ಲಿ ವೊಲ್ಬೇಕಿಯಾ ಅನ್ನೋ ಬ್ಯಾಕ್ಟೀರಿಯಾ ಇರೋ ಸೊಳ್ಳೆ ಬಿಟ್ರು, ಅದು ಒಳಗಿದ್ರೆ ಸೊಳ್ಳೆಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯಲ್ಲ. ಸೊಳ್ಳೆಗೆ ಈ ಮನೆಗೆ ಹೋಗು ಆ ಮನೆಗೆ ಬೇಡ ಅಂತ ಹೇಳೋಕಾಗಲ್ವಲ್ಲ, ಅದಕ್ಕೆ ನಗರನ 24 ಭಾಗ ಮಾಡಿ ಲಾಟರಿಲಿ 12 ಭಾಗಕ್ಕೆ ಮಾತ್ರ ಬಿಟ್ರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಡೆಂಗಿ 77% ಕಮ್ಮಿ. ಒಂದು ಎಚ್ಚರಿಕೆ, ಹೀಗೆ ಮಾಡಿದಾಗ ಸಾವಿರಾರು ಜನ ಇದ್ರೂ ಲೆಕ್ಕಕ್ಕೆ ನಿಜವಾಗಿ ಇರೋದು ಗುಂಪುಗಳ ಸಂಖ್ಯೆ, ಆದ್ರಿಂದ ಎರಡೇ ಹಳ್ಳಿ ಹೋಲಿಸಿ ಹತ್ತು ಸಾವಿರ ಜನರ ಅಧ್ಯಯನ ಅಂದ್ರೆ ಒಪ್ಪಬೇಡಿ.

ಒಂದು ಗುಂಪಿಗೆ ಕೊಡ್ದೇ ಇರೋದು ಅನ್ಯಾಯ ಅಲ್ವಾ?

ಕೆಲಸ ಮಾಡತ್ತೆ ಅಂತ ಗೊತ್ತಿದ್ದೂ ತಡೆಹಿಡಿದ್ರೆ ಖಂಡಿತ ಅನ್ಯಾಯ, ಅದಕ್ಕಿಂತ ಕೆಟ್ಟದ್ದು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇದ್ದ ಕಪ್ಪು ಜನಾಂಗದ ಗಂಡಸರಿಗೆ ನಿಜ ಹೇಳ್ದೇ, ಅದನ್ನ ವಾಸಿ ಮಾಡೋ ಪೆನಿಸಿಲಿನ್ ಬಂದ ಮೇಲೂ ಕೊಡ್ದೇ ಬರೀ ನೋಡ್ತಾ ಕೂತ್ರು. ಅದು ಹೊರಗೆ ಬಂದ ಮೇಲೆ ಸಂಶೋಧನೆಯ ನಿಯಮಗಳೇ ಬಿಗಿಯಾದ್ವು. ಈಗ ಒಪ್ಪಿಗೆ ಬೇಕು, ನೈತಿಕ ಸಮಿತಿ ಬೇಕು, ಹಾನಿ ಆಗ್ತಿದ್ಯಾ ಅಂತ ಮಧ್ಯೆ ಮಧ್ಯೆ ನೋಡೋ ಸ್ವತಂತ್ರ ತಂಡ ಬೇಕು.

ಗೊತ್ತಿಲ್ಲದೇ ಇದ್ದಾಗ ಮಾತ್ರ ಲಾಟರಿ ಸರಿ. ಒಳ್ಳೇದು ಅಂತ ಗೊತ್ತಿದೆ ಆದ್ರೆ ಎಲ್ರಿಗೂ ಒಟ್ಟಿಗೆ ತಲುಪಿಸೋಕಾಗಲ್ಲ ಅಂದಾಗ ಸರದಿ ಪ್ರಕಾರ ಕೊಡೋ ದಾರಿ ಇದೆ, ಯಾರು ಮೊದ್ಲು ಅನ್ನೋದು ಮಾತ್ರ ಲಾಟರಿ, ಕೊನೆಗೆ ಎಲ್ರಿಗೂ ಸಿಗತ್ತೆ. ಗ್ಯಾಂಬಿಯಾದಲ್ಲಿ 1980ರ ದಶಕದಲ್ಲಿ ಹೆಪಟೈಟಿಸ್ ಬಿ ಲಸಿಕೆನ ಹೀಗೇ ಒಂದೊಂದೇ ಪ್ರದೇಶಕ್ಕೆ ವಿಸ್ತರಿಸಿದ್ರು.

ಲಾಟರಿ ಇಲ್ಲದ ಅಧ್ಯಯನ ಎಲ್ಲಾ ಬಿಸಾಕ್ಬೇಕಾ?

ಖಂಡಿತ ಬೇಡ. ಸಿಗರೇಟ್ ಸೇದಿ ಅಂತ ಯಾರಿಗೂ ಲಾಟರಿ ಹಾಕೋಕಾಗಲ್ಲ, 1950ರಲ್ಲಿ ಡಾಲ್ ಮತ್ತು ಹಿಲ್ ಅನ್ನೋ ಬ್ರಿಟಿಷ್ ಸಂಶೋಧಕರು ಆಸ್ಪತ್ರೆ ರೋಗಿಗಳನ್ನ ಹೋಲಿಸೇ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧ ತೋರ್ಸಿದ್ರು. ಪರಿಣಾಮ ತುಂಬಾ ದೊಡ್ಡದಿದ್ರೂ ಲಾಟರಿ ಬೇಕಾಗಲ್ಲ. 1971ರ ಯುದ್ಧದ ಹೊತ್ತಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂತು, ನೆಲದ ಮೇಲೆ ರೋಗಿಗಳು, ರಕ್ತನಾಳಕ್ಕೆ ಕೊಡೋ ಸಲೈನ್ ಮುಗೀತಾ ಬಂತು. ಡಾಕ್ಟರ್ ದಿಲೀಪ್ ಮಹಾಲನಬೀಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಅಳತೆ ಮಾಡಿ ಪೊಟ್ಟಣ ಕಟ್ಟಿಸಿ, ನೀರಲ್ಲಿ ಕಲಸಿ ಕುಡಿಸಿ ಅಂತ ಮನೆಯವರ ಕೈಗೇ ಕೊಟ್ರು. ಸುಮಾರು 30% ಇದ್ದ ಸಾವಿನ ಪ್ರಮಾಣ 4%ಗಿಂತ ಕೆಳಗೆ ಬಂತು. ಗ್ಲೂಕೋಸ್ ಇದ್ರೆ ಕರುಳು ಉಪ್ಪನ್ನೂ ಅದ್ರ ಹಿಂದೆ ನೀರನ್ನೂ ಎಳ್ಕೊಳ್ಳತ್ತೆ, ಈ ವಿಜ್ಞಾನ ಮೊದ್ಲೇ ಗೊತ್ತಿತ್ತು, ಢಾಕಾ ಮತ್ತು ಕಲ್ಕತ್ತಾದ ಆಸ್ಪತ್ರೆಗಳಲ್ಲಿ ಪರೀಕ್ಷೆನೂ ಆಗಿತ್ತು. ಡಾಕ್ಟರೇ ಇಲ್ಲದ ಕಡೆ ತಾಯಂದಿರು ಇದನ್ನ ಮಾಡಬಹುದಾ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬನಗಾಂವ್‌ನಲ್ಲಿ.

ಜನರಿಗೆ ತಿಳುವಳಿಕೆ ಕೊಡೋದು ಒಳ್ಳೇದಾ, ಕಾನೂನು ಮಾಡೋದು ಒಳ್ಳೇದಾ?

ಎರಡೂ ಬೇಕು ಅಂತ ಹೇಳಿ ಮುಗಿಸ್ಬಹುದು, ಆದ್ರೆ ಸಾಕ್ಷಿ ಅಷ್ಟು ಸಮ ಇಲ್ಲ. ಶ್ರೀಲಂಕಾ ನೋಡಿ. 1990ರ ದಶಕದಲ್ಲಿ ಅಲ್ಲಿ ಆತ್ಮಹತ್ಯೆ ಪ್ರಮಾಣ ಪ್ರಪಂಚದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು, ಬಹಳಷ್ಟು ಸಾವು ಕೀಟನಾಶಕದಿಂದ. ಇದಕ್ಕೆ ಎರಡು ದಾರಿ ಪ್ರಯತ್ನ ಆಯ್ತು. ಮನೆಮನೆಗೆ ಬೀಗ ಇರೋ ಡಬ್ಬ ಕೊಟ್ಟು ಕೀಟನಾಶಕ ಅದ್ರಲ್ಲಿಡಿ ಅನ್ನೋದು ಒಂದು, ಇದನ್ನ 180 ಹಳ್ಳಿ, 53 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಲಾಟರಿ ಹಾಕಿ ಪರೀಕ್ಷೆ ಮಾಡಿದ್ರು, 2017ರಲ್ಲಿ ಫಲಿತಾಂಶ ಬಂತು, ಏನೂ ಕಮ್ಮಿ ಆಗಿರ್ಲಿಲ್ಲ. ಇನ್ನೊಂದು, ಅತಿ ವಿಷಕಾರಿ ಕೀಟನಾಶಕಗಳನ್ನೇ ಹಂತ ಹಂತವಾಗಿ ನಿಷೇಧಿಸಿದ್ದು, ಮುಖ್ಯವಾಗಿ 1995ರಲ್ಲಿ, 1998ರಲ್ಲಿ, ಆಮೇಲೆ 2008ರಿಂದ ಮುಂದಕ್ಕೆ. 1995ರಿಂದ 2015ರೊಳಗೆ ಆತ್ಮಹತ್ಯೆ ಪ್ರಮಾಣ ಸುಮಾರು 70% ಇಳೀತು, ಬೆಳೆ ಇಳುವರಿ ನಿಷೇಧದಿಂದ ಕುಸಿದಿದ್ದು ಕಂಡಿಲ್ಲ. ಸಂಕಟದ ಆ ಗಳಿಗೆ ಬಹಳ ಜನರಲ್ಲಿ ಬೇಗ ದಾಟಿಹೋಗತ್ತೆ, ಕೈಗೆ ಸಿಕ್ಕಿದ್ದು ಅಷ್ಟು ಮಾರಕ ಅಲ್ಲದಿದ್ರೆ ಮನುಷ್ಯ ಬದುಕ್ತಾನೆ, ಬದುಕಿದ ಬಹುಪಾಲು ಜನ ಮುಂದೆ ಹಾಗೆ ಸಾಯೋದಿಲ್ಲ. ಡಬ್ಬದ ಯೋಜನೆಲಿ ಪ್ರತಿ ದಿನ ಪ್ರತಿ ಮನೆಯವರು ಬೀಗ ಹಾಕೋದು ನೆನಪಿಟ್ಕೊಬೇಕು, ನಿಷೇಧದಲ್ಲಿ ಯಾರೂ ಏನೂ ನೆನಪಿಟ್ಕೊಬೇಕಾಗಿಲ್ಲ. ಸಾವಿರಾರು ಜೀವ ಉಳಿದಿರೋ ವಿಷಯ ಇದು, ಇನ್ನೂ ಹೆಚ್ಚು ಜನರಿಗೆ ಗೊತ್ತಾಗ್ಬೇಕು.

ಉಪ್ಪಿನ ವಿಷಯನೂ ಇಂಥದ್ದೇ, ಜನ ದಿನಾ ಏನೂ ನೆನಪಿಟ್ಕೊಬೇಕಾಗಿಲ್ಲ. ಚೀನಾದ 600 ಹಳ್ಳಿಲಿ, ಪಾರ್ಶ್ವವಾಯು ಆಗಿದ್ದವರು ಅಥವಾ ಬಿಪಿ ಇದ್ದ 60 ದಾಟಿದವರು, ಒಟ್ಟು 20,995 ಜನರ ಮೇಲೆ ಅಧ್ಯಯನ ನಡೀತು. ಅರ್ಧ ಹಳ್ಳಿಗಳಲ್ಲಿ ಮಾಮೂಲಿ ಉಪ್ಪಿನ ಬದ್ಲು ಕಾಲು ಭಾಗ ಪೊಟ್ಯಾಶಿಯಮ್ ಕ್ಲೋರೈಡ್ ಇರೋ ಉಪ್ಪು ಕೊಟ್ರು, ಸುಮಾರು ಐದು ವರ್ಷದಲ್ಲಿ ಅವ್ರಲ್ಲಿ ಪಾರ್ಶ್ವವಾಯು 14% ಕಮ್ಮಿ ಆಯ್ತು. ಹಾಗಂತ ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳ್ದೇ ಈ ಉಪ್ಪು ಶುರು ಮಾಡ್ಬೇಡಿ, ಪೊಟ್ಯಾಶಿಯಮ್ ಜಾಸ್ತಿ ಆದ್ರೆ ಹೃದಯಕ್ಕೆ ಅಪಾಯ.

ಸೌಲಭ್ಯ ಉಚಿತವಾಗೇ ಇದ್ರೂ ಜನ ಯಾಕೆ ಬರಲ್ಲ?

ಜನಕ್ಕೆ ಬುದ್ಧಿ ಇಲ್ಲ ಅಂತ ತೀರ್ಮಾನ ಮಾಡೋರು ಉದಯಪುರದ ಅಧ್ಯಯನ ನೋಡ್ಬೇಕು. ರಾಜಸ್ಥಾನದ ಆ ಜಿಲ್ಲೆಯ 134 ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರ ತಂಡ ಸೇವಾ ಮಂದಿರ್ ಸಂಸ್ಥೆ ಜೊತೆ ಮಾಡಿದ್ದು, 2010ರಲ್ಲಿ ಪ್ರಕಟ ಆಯ್ತು. ಮೊದಲಿದ್ದ ವ್ಯವಸ್ಥೆಲಿ ಪೂರ್ತಿ ಲಸಿಕೆ ಆದ ಮಕ್ಕಳು 6%. ತಪ್ಪದೇ ಹಳ್ಳಿಗೇ ಬರೋ ಲಸಿಕೆ ಶಿಬಿರ ಇದ್ದ ಕಡೆ 18%. ಶಿಬಿರದ ಜೊತೆ ಪ್ರತಿ ಸಲ ಒಂದು ಕೆಜಿ ಬೇಳೆ, ಎಲ್ಲಾ ಲಸಿಕೆ ಮುಗಿದ್ರೆ ತಟ್ಟೆಗಳ ಸೆಟ್ಟು ಕೊಟ್ಟ ಕಡೆ 39%. ಲಸಿಕೆ ಬೇಡ ಅಂತ ಗಟ್ಟಿ ವಿರೋಧ ಇದ್ದಿದ್ರೆ ಒಂದು ಕೆಜಿ ಬೇಳೆಗೆ ಯಾರೂ ಬರ್ತಿರ್ಲಿಲ್ಲ. ಇವತ್ತಿನ ಕೂಲಿ ಬಿಟ್ಟು ಹೋಗಿ ಮುಂದೆಂದೋ ಬರಬಹುದಾದ ಕಾಯಿಲೆ ತಡೀಬೇಕು, ಇದನ್ನ ನಾಳೆ ನಾಳೆ ಅಂತ ಮುಂದಕ್ಕೆ ಹಾಕೋದು ಎಲ್ಲಾ ಮನುಷ್ಯರ ಸ್ವಭಾವ. ಬೇಳೆ ಕೊಟ್ಟಿದ್ರಿಂದ ಒಂದು ಮಗುಗೆ ಪೂರ್ತಿ ಲಸಿಕೆ ಹಾಕೋ ಖರ್ಚು ಹೆಚ್ಚಾಗ್ಲಿಲ್ಲ, ಹತ್ತತ್ರ ಅರ್ಧಕ್ಕೆ ಇಳೀತು, ಯಾಕಂದ್ರೆ ನರ್ಸ್ ಸಂಬಳ ಹೇಗೂ ಕೊಡ್ಲೇಬೇಕಿತ್ತು, ಅದೇ ಸಂಬಳದಲ್ಲಿ ಹೆಚ್ಚು ಮಕ್ಕಳು ಬಂದ್ರು.

ಬಿಟ್ಟಿ ಕೊಟ್ರೆ ಬೆಲೆ ಇರಲ್ಲ ಅಂತಾರಲ್ಲ, ಅದನ್ನೂ ಪರೀಕ್ಷಿಸಿದ್ದಾರೆ. ಕೀನ್ಯಾದಲ್ಲಿ ಗರ್ಭಿಣಿಯರಿಗೆ ಸೊಳ್ಳೆ ಪರದೆ ಕೆಲವು ಕಡೆ ಉಚಿತ, ಕೆಲವು ಕಡೆ ಬೇರೆ ಬೇರೆ ದರ. 0.60 ಡಾಲರ್ ಇಟ್ಟ ಕಡೆ ತಗೊಳ್ಳೋರು ಉಚಿತಕ್ಕಿಂತ 60 ಪರ್ಸೆಂಟೇಜ್ ಪಾಯಿಂಟ್, ಅಂದ್ರೆ ನೂರಕ್ಕೆ 60 ಜನ ಕಮ್ಮಿ ಆದ್ರು, ಉಚಿತವಾಗಿ ಪಡೆದವರು ದುಡ್ಡು ಕೊಟ್ಟವರಿಗಿಂತ ಕಮ್ಮಿ ಬಳಸಿದ್ರು ಅನ್ನೋದಕ್ಕೆ ಸಾಕ್ಷಿ ಸಿಗ್ಲಿಲ್ಲ.

ಕೆಲಸ ಮಾಡ್ಲಿಲ್ಲ ಅನ್ನೋ ಫಲಿತಾಂಶ ಬಂದ್ರೆ ದುಡ್ಡು ವ್ಯರ್ಥ ಆದ ಹಾಗಾ?

ಇಲ್ಲ, ಕೆಲವು ಸಲ ಅದೇ ಜಾಸ್ತಿ ಬೆಲೆ ಬಾಳತ್ತೆ. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಯಲ್ಲಿ ನೀರಿಗೆ ಕ್ಲೋರಿನ್, ಶೌಚಾಲಯ, ಕೈ ತೊಳೆಯೋ ವ್ಯವಸ್ಥೆ ಮನೆಮನೆಗೆ ಕೊಟ್ಟು ಮಕ್ಕಳು ಎತ್ತರ ಬೆಳೀತಾರಾ ಅಂತ ದೊಡ್ಡ ಪರೀಕ್ಷೆಗಳು ನಡೆದ್ವು. ಬಾಂಗ್ಲಾದೇಶದಲ್ಲಿ ಭೇದಿ ಕಮ್ಮಿ ಆಯ್ತು, ಉಳಿದೆರಡು ಕಡೆ ಅದೂ ಆಗ್ಲಿಲ್ಲ, ಬೆಳವಣಿಗೆ ಮೇಲಂತೂ ಮೂರೂ ಕಡೆ ಪರಿಣಾಮ ಕಾಣ್ಲಿಲ್ಲ. ಶೌಚಾಲಯ ಬೇಡ ಅಂತ ಇದರ ಅರ್ಥ ಅಲ್ಲ! ಸುತ್ತಮುತ್ತ ಕೊಳೆ ಇದ್ದು ಒಂದೊಂದು ಮನೆಗೆ ಅಗ್ಗದ ಪರಿಹಾರ ಕೊಟ್ರೆ ಸಾಲಲ್ಲ, ಮನೆವರೆಗೂ ಶುದ್ಧ ನೀರಿನ ಪೈಪು, ಇಡೀ ಊರಿಗೆ ಒಳಚರಂಡಿ ಅಂತ ಹೆಚ್ಚಿನದನ್ನೇ ಯೋಚಿಸ್ಬೇಕು ಅಂತ ಬಹಳ ತಜ್ಞರು ಇದನ್ನ ಓದ್ತಾರೆ, ನನಗೂ ಅದೇ ಸರಿ ಅನ್ಸತ್ತೆ.

60% ಕಮ್ಮಿ ಆಯ್ತು ಅಂದ್ರೆ ನೂರಕ್ಕೆ 60 ಜನ ಉಳಿದ್ರು ಅಂತಾನಾ?

ಅಲ್ಲ. ಮೇಲಿನ ಪೋಲಿಯೊ ಅಂಕಿನೇ ತಗೊಳ್ಳಿ, ಲಕ್ಷಕ್ಕೆ 71ರಿಂದ 28ಕ್ಕೆ ಇಳಿದಿದ್ದು ಸುಮಾರು 60%, ಆದ್ರೆ ಆ ಒಂದು ಸೀಸನ್ನಿನಲ್ಲಿ ತಪ್ಪಿದ್ದು ಲಕ್ಷಕ್ಕೆ 43 ಕೇಸ್, ಅಂದ್ರೆ ಒಂದು ಕೇಸ್ ತಪ್ಪಿಸೋಕೆ ಹತ್ತತ್ರ 2,300 ಮಕ್ಕಳಿಗೆ ಲಸಿಕೆ. ಒಬ್ಬೊಬ್ಬರಿಗೆ ಲಾಭ ಚಿಕ್ಕದು, ಕೋಟಿಗಟ್ಟಲೆ ಮಕ್ಕಳಿಗೆ ಸೇರಿಸಿದ್ರೆ ಬಹಳ ದೊಡ್ಡದು. ವರದಿಲಿ ಪರ್ಸೆಂಟೇಜ್ ಕಂಡ ತಕ್ಷಣ ಎಷ್ಟರಿಂದ ಎಷ್ಟಕ್ಕೆ ಅಂತ ಹುಡುಕಿ.

ಒಂದು ಕಡೆ ಗೆದ್ದಿದ್ದು ಇನ್ನೊಂದು ಕಡೆ ಗೆಲ್ಲತ್ತಾ?

ಗ್ಯಾರಂಟಿ ಇಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ಅವರ ತಂಡ ಹಳ್ಳಿ ಹೆಂಗಸರಿಗೇ ತರಬೇತಿ ಕೊಟ್ಟು ಮನೆಲೇ ನವಜಾತ ಶಿಶು ಆರೈಕೆ ಮಾಡ್ಸಿದ್ರು, 39 ಹಳ್ಳಿಗಳಲ್ಲಿ ನವಜಾತ ಶಿಶು ಮರಣ 62% ಇಳೀತು, 1999ರಲ್ಲಿ ಪ್ರಕಟ ಆಯ್ತು. ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿ ಅದೇ ತರದ ಕೆಲಸಕ್ಕೆ 34% ಬಂತು. ಎರಡೂ ದೊಡ್ಡ ಫಲನೇ, ಆದ್ರೆ ಒಂದೇ ಅಲ್ಲ. ಕೆಲಸ ಮಾಡೋರ ತರಬೇತಿ, ಮೇಲ್ವಿಚಾರಣೆ, ಮೊದ್ಲು ಎಷ್ಟು ಸಾವಿತ್ತು, ಹತ್ತಿರದಲ್ಲಿ ಆಸ್ಪತ್ರೆ ಇದ್ಯಾ, ಎಲ್ಲಾ ಸೇರಿ ಅಂಕಿ ಬದಲಾಗತ್ತೆ.

ಫಲಿತಾಂಶ ಬಂದ ಮೇಲೆ ಜನರಿಗೆ ತಲುಪೋಕೆ ಎಷ್ಟು ಕಾಲ ಬೇಕು?

ಜೇಮ್ಸ್ ಲಿಂಡ್ 1747ರಲ್ಲಿ ಹಡಗಿನ 12 ನಾವಿಕರನ್ನ ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಕಿತ್ತಳೆ ನಿಂಬೆ ತಿಂದ ಜೋಡಿ ಸ್ಕರ್ವಿಯಿಂದ (ವಿಟಮಿನ್ ಸಿ ಕೊರತೆಯಿಂದ ಬರೋ ಕಾಯಿಲೆ) ಬೇಗ ಚೇತರಿಸ್ಕೊಂಡಿದ್ದನ್ನ ತೋರ್ಸಿದ್ರು. ಬ್ರಿಟಿಷ್ ನೌಕಾಪಡೆ ನಿಂಬೆರಸ ಕೊಡೋ ಆದೇಶ ಮಾಡಿದ್ದು 1795ರಲ್ಲಿ. 48 ವರ್ಷ, ಮಧ್ಯದಲ್ಲಿ ಸತ್ತ ನಾವಿಕರನ್ನ ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗತ್ತೆ. ಬೇಗನೂ ಆಗಬಹುದು. 2020ರ ಮಾರ್ಚ್‌ನಲ್ಲಿ ಶುರುವಾದ ಬ್ರಿಟನ್ನಿನ ರಿಕವರಿ ಟ್ರಯಲ್ ಅನ್ನೋ ಕೋವಿಡ್ ಚಿಕಿತ್ಸೆ ಪರೀಕ್ಷೆ, ವೆಂಟಿಲೇಟರ್ ಮೇಲಿರೋ ಕೋವಿಡ್ ರೋಗಿಗಳ ಸಾವನ್ನ ಡೆಕ್ಸಾಮೆಥಸೋನ್ ಮೂರನೇ ಒಂದು ಭಾಗ ಇಳಿಸತ್ತೆ ಅಂತ ಜೂನ್ 16ಕ್ಕೇ ಹೇಳ್ತು, ಬ್ರಿಟನ್ನಿನಲ್ಲಿ ಅವತ್ತೇ ಬಳಕೆಗೆ ಬಂತು. ಹಳೇ ಅಗ್ಗದ ಔಷಧಿ, ಎಲ್ಲಾ ಕಡೆ ಸಿಗ್ತಿತ್ತು, ಅದೂ ಒಂದು ಕಾರಣ.

ಲಸಿಕೆ, ಔಷಧಿ ಎರಡೂ ಇಲ್ದೇ ರೋಗ ಓಡಿಸೋಕಾಗತ್ತಾ?

ನಾರುಹುಣ್ಣು ನೋಡಿ, ಕುಡಿಯೋ ನೀರಿಂದ ಮೈಯೊಳಗೆ ಸೇರೋ ಹುಳು ಚರ್ಮದಲ್ಲಿ ಹುಣ್ಣಾಗಿ ಹೊರಬರೋ ರೋಗ ಇದು. 1980ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಅಂದಾಜು 35 ಲಕ್ಷ ಕೇಸ್, 2021ರಿಂದ 2024ರವರೆಗೆ ಮನುಷ್ಯರಲ್ಲಿ ಪ್ರತಿ ವರ್ಷ 20ಕ್ಕಿಂತ ಕಮ್ಮಿ. ಕುಡಿಯೋ ನೀರು ಬಟ್ಟೆಲಿ ಸೋಸೋದು, ಹುಣ್ಣಿದ್ದವರು ಕೆರೆಗೆ ಇಳಿಯದ ಹಾಗೆ ನೋಡ್ಕೊಳ್ಳೋದು, ಹಳ್ಳಿ ಹಳ್ಳಿಲಿ ಕೇಸ್ ಹುಡುಕೋದು, ಮುಖ್ಯವಾಗಿ ಇಂಥ ಕ್ರಮಗಳಿಂದ್ಲೇ. ಈಗ ನಾಯಿಗಳಲ್ಲೂ ಹುಳು ಸಿಗ್ತಿರೋದ್ರಿಂದ ಕೊನೇ ಹಂತ ಕಷ್ಟ ಆಗಿದೆ.

ಒಂದು ಅಧ್ಯಯನದ ವರದಿ ಕೈಗೆ ಸಿಕ್ರೆ ನಾನು ಮೊದ್ಲು ಎಲ್ಲಿ ನೋಡ್ಬೇಕು?

ಯಾರ ಜೊತೆ ಹೋಲಿಸಿದ್ದಾರೆ ಅಂತ ಮೊದ್ಲು ನೋಡಿ, ಹೋಲಿಕೆ ಗುಂಪೇ ಇಲ್ಲದಿದ್ರೆ ಉಳಿದಿದ್ದು ನಿಧಾನಕ್ಕೆ ಓದಬಹುದು. ಆಮೇಲೆ, ಏನು ಅಳೀತೀವಿ ಅಂತ ಶುರುವಿಗೆ ಮುಂಚೆನೇ ರಿಜಿಸ್ಟ್ರಿಲಿ (ಅಧ್ಯಯನಗಳನ್ನ ಮೊದ್ಲೇ ದಾಖಲು ಮಾಡೋ ಸಾರ್ವಜನಿಕ ಪಟ್ಟಿ) ಬರ್ಸಿದ್ರಾ, ಕೊನೆಗೆ ಅದನ್ನೇ ವರದಿ ಮಾಡಿದ್ದಾರಾ ನೋಡಿ. ಇಪ್ಪತ್ತು ವಿಷಯ ಅಳೆದು ಗೆದ್ದ ಒಂದನ್ನ ಮಾತ್ರ ಹೇಳಿದ್ರೆ ಅದು ಆಕಸ್ಮಿಕ ಇರಬಹುದು. ಅಳೆದಿದ್ದು ಕಾಯಿಲೆ ಸಾವುಗಳನ್ನಾ ಅಥವಾ ಎಷ್ಟು ಜನ ತರಬೇತಿಗೆ ಬಂದ್ರು, ಎಷ್ಟು ಕರಪತ್ರ ಹಂಚಿದ್ರು ಅನ್ನೋದನ್ನಾ? ಕರಪತ್ರದ ಲೆಕ್ಕ ಆರೋಗ್ಯದ ಲೆಕ್ಕ ಅಲ್ಲ. ಕೊನೆದಾಗಿ ಮಧ್ಯದಲ್ಲಿ ಬಿಟ್ಟು ಹೋದವರು ಎಷ್ಟು, ಅವರನ್ನ ಲೆಕ್ಕದಿಂದ ತೆಗೆದುಬಿಟ್ಟಿದ್ದಾರಾ ಅಂತ ನೋಡಿ. ಕಷ್ಟ ಆದವರೇ, ಅಡ್ಡಪರಿಣಾಮ ಆದವರೇ ಹೆಚ್ಚಾಗಿ ಬಿಡೋದು, ಅವರನ್ನ ಬಿಟ್ಟು ಉಳಿದವರ ಸರಾಸರಿ ತೆಗೆದ್ರೆ ಯಾವ ಯೋಜನೆನೂ ಚೆನ್ನಾಗೇ ಕಾಣತ್ತೆ, ಅದಕ್ಕೇ ಲಾಟರಿಲಿ ಯಾವ ಗುಂಪಿಗೆ ಬಿದ್ದಿದ್ರೋ ಕೊನೆವರೆಗೂ ಅದೇ ಗುಂಪಲ್ಲಿ ಅವರನ್ನ ಎಣಿಸ್ಬೇಕು, ಕೊಟ್ಟಿದ್ದನ್ನ ಬಳಸಿರ್ಲಿ ಬಿಟ್ಟಿರ್ಲಿ.